ರಾಜೀನಾಮೆ ಕಾಗದ

ಅಕ್ಕಂದಿರೇ, ಈ ಪಾಠವನ್ನು ನಿಧಾನವಾಗಿ ಓದಿ. ಒಂದೇ ದಿನ ಮುಗಿಸಬೇಕಾಗಿಲ್ಲ. ಕಷ್ಟದ ಪದ ಬಂದರೆ ಜೋರಾಗಿ ಓದಿಕೊಳ್ಳಿ. ಪಕ್ಕದಲ್ಲಿ ಕೂತವರನ್ನು ಕೇಳಿ.

ಅದು ಹೊಗೆಸೊಪ್ಪು ಮುರಿಯುವ ಕಾಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಆಗ ಹೆಂಗಸರಿಗೆ ಬಿಡುವೇ ಇರುವುದಿಲ್ಲ. ಹಗಲೆಲ್ಲ ಸೊಪ್ಪು ಮುರಿಯಬೇಕು, ಕಡ್ಡಿಗೆ ಕಟ್ಟಬೇಕು, ಬ್ಯಾರನ್‌ಗೆ ಏರಿಸಲು ಎತ್ತಿ ಕೊಡಬೇಕು. ಆದರೂ ರಾತ್ರಿ 8 ಗಂಟೆಗೆ ನಮ್ಮ ಕಲಿಕಾ ಕೇಂದ್ರಕ್ಕೆ ಬರುತ್ತಾರೆ. ಕೈಯೆಲ್ಲ ಸೊಪ್ಪಿನ ಅಂಟು. ಸ್ಲೇಟು ಹಿಡಿದರೆ ಸ್ಲೇಟಿಗೂ ಅಂಟು.

ಒಂದು ದಿನ ಒಬ್ಬ ಅಕ್ಕ ತಡವಾಗಿ ಬಂದರು. ಅವರು ತಮ್ಮ ಗ್ರಾಮ ಪಂಚಾಯಿತಿಯ ಅಧ್ಯಕ್ಷೆ. ಅವರ ಹೆಸರು ಇಲ್ಲಿ ಬೇಡ. ಅಧ್ಯಕ್ಷಕ್ಕ ಎಂದೇ ಕರೆಯೋಣ. ಸೆರಗಿನ ಗಂಟಿನಿಂದ ಮಡಿಸಿದ ಕಾಗದ ಒಂದನ್ನು ತೆಗೆದರು.

"ಟೀಚರಮ್ಮ, ಇದನ್ನ ಒಸಿ ಓದಿ. ನಾನು ಓದ್ದೆ. ಆದ್ರೆ ಸರಿಯಾಗಿ ಓದಿದೀನೋ ಇಲ್ವೋ ಅಂತ ಅನುಮಾನ."

"ನೀವೇ ಓದಿ ಅಕ್ಕ. ನಾವೆಲ್ಲ ಕೇಳ್ತೀವಿ," ಎಂದೆ.

ಅವರು ಬೆರಳಿಟ್ಟುಕೊಂಡು ಓದಿದರು. ಟೈಪ್ ಮಾಡಿಸಿದ ಕಾಗದ. ವೈಯಕ್ತಿಕ ಕಾರಣದಿಂದ ಅಧ್ಯಕ್ಷ ಸ್ಥಾನಕ್ಕೂ ಸದಸ್ಯ ಸ್ಥಾನಕ್ಕೂ ಸ್ವ ಇಚ್ಛೆಯಿಂದ ರಾಜೀನಾಮೆ ಕೊಡುತ್ತಿದ್ದೇನೆ ಎಂದು ಅದರಲ್ಲಿತ್ತು. 'ಸ್ವ ಇಚ್ಛೆ' ಎಂಬ ಕಡೆ ಮೂರು ಸಲ ಎಡವಿದರು.

"ಇದರ ಅರ್ಥ ಏನು?"

"ನನ್ನ ಸ್ವಂತ ಮನಸ್ಸಿನಿಂದ ಅಂತ."

ಅಧ್ಯಕ್ಷಕ್ಕ ನಕ್ಕುಬಿಟ್ಟರು. "ನನ್ ಮನಸ್ಸಾ? ಇದನ್ನ ಟೈಪ್ ಮಾಡ್ಸಿರೋದು ನಮ್ ಮೈದುನ. ಕೆಳಗಡೆ ನನ್ ಹೆಸರ ಬರ್ದು, ಸೈನ್ ಹಾಕಕೆ ಜಾಗ ಬುಟ್ಟವ್ನೆ. ಅಧ್ಯಕ್ಷೆ ಕೆಲ್ಸ ಮಾತ್ರ ಬುಡೋದು ಅಂದಿದ್ದ. ಮೆಂಬರ್‌ಗಿರೀನೂ ಸೇರ್ಸವ್ನೆ ಅಂತ ಓದಿದ್ ಮೇಲೆ ಗೊತ್ತಾಯ್ತು."

ಹಿಂದಿನ ವರ್ಷವಾಗಿದ್ದರೆ ಅವರು ಹೆಬ್ಬೆಟ್ಟು ಒತ್ತಿ ಕೊಡುತ್ತಿದ್ದರು.

ಮನೆಯ ಪರಿಸ್ಥಿತಿ

ಮೈದುನ ಹೇಳಿದ ಕಾರಣ ಸುಳ್ಳಲ್ಲ. ಅಧ್ಯಕ್ಷಕ್ಕನ ಯಜಮಾನರಿಗೆ ಎರಡು ತಿಂಗಳ ಹಿಂದೆ ಲಕ್ವ ಹೊಡೆದಿತ್ತು. ಇದನ್ನು ಪಾರ್ಶ್ವವಾಯು ಎಂದೂ ಕರೆಯುತ್ತಾರೆ. ಮೆದುಳಿಗೆ ಹೋಗುವ ರಕ್ತ ನಿಂತರೆ, ಅಥವಾ ಮೆದುಳಿನ ರಕ್ತನಾಳ ಒಡೆದರೆ ಲಕ್ವ ಹೊಡೆಯುತ್ತದೆ. ಅವರಿಗೆ ಬಲಗೈ, ಬಲಗಾಲು ಬಿದ್ದುಹೋಗಿತ್ತು. ಮಾತು ತೊದಲುತ್ತಿತ್ತು. ಮೊದಲೆಲ್ಲ ಪಂಚಾಯಿತಿ ಸಭೆಗೆ ಹೆಂಡತಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಬರುತ್ತಿದ್ದವರು ಅವರೇ. ಹೊರಗೆ ಅರಳಿಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು. ಒಳಗೆ ಬಂದು ಹೆಂಡತಿಯ ಕುರ್ಚಿ ಪಕ್ಕ ಕೂತವರಲ್ಲ. ಇದನ್ನು ನಾನು ಯಾಕೆ ಹೇಳುತ್ತೇನೆ ಎಂದು ನಿಮಗೆ ಗೊತ್ತು.

ಆ ರಾತ್ರಿ ನಾವು ಪಾಠ ಮಾಡಲಿಲ್ಲ. ಕಪ್ಪು ಹಲಗೆಯ ಮೇಲೆ ಅಧ್ಯಕ್ಷಕ್ಕನ ಒಂದು ದಿನದ ಕೆಲಸ ಬರೆದೆವು. ಅವರು ಹೇಳಿದರು, ಉಳಿದವರು ಒಬ್ಬೊಬ್ಬರಾಗಿ ಎದ್ದು ಬರೆದರು.

ಬೆಳಿಗ್ಗೆ ಮೈ ಒರೆಸುವುದು. ಬಟ್ಟೆ ಬದಲಿಸುವುದು. ದಿಂಬು ಕೊಟ್ಟು ಕೂರಿಸಿ ಗಂಜಿ ಕುಡಿಸುವುದು. ಮಲಗಿಸಿಕೊಂಡು ಕುಡಿಸಿದರೆ ಗಂಜಿ ಶ್ವಾಸಕೋಶಕ್ಕೆ ಇಳಿಯಬಹುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಬದಲಿಸದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ರಾತ್ರಿಯೂ ಇದು ತಪ್ಪುವುದಿಲ್ಲ. ಬಿದ್ದುಹೋದ ಕೈಕಾಲಿಗೆ ವ್ಯಾಯಾಮ ಮಾಡಿಸುವುದು. ಮಾತ್ರೆ ಕೊಡುವುದು. ಬಿ.ಪಿ. ನೋಡಿಸುವುದು. ಇದರ ಜೊತೆಗೆ ದನ, ಹೊಲ, ಅಡಿಗೆ, ವಯಸ್ಸಾದ ಅತ್ತೆ. ಆಮೇಲೆ ಪಂಚಾಯಿತಿ.

ಹಲಗೆ ತುಂಬಿಹೋಯಿತು. ಆಗ ಹಿಂದೆ ಕೂತಿದ್ದ ಅಜ್ಜಿ ಒಬ್ಬರು ಎದ್ದು ಬಂದರು. ಸೀಮೆಸುಣ್ಣ ತೆಗೆದುಕೊಂಡು ಕೆಲವು ಕೆಲಸದ ಮುಂದೆ ಗೆರೆ ಎಳೆದರು. "ಇವೆಲ್ಲ ಮೈದುನನೂ ಮಾಡ್ಬೋದು. ಕಾಗ್ದ ಟೈಪ್ ಮಾಡ್ಸಕೆ ಪುರುಸೊತ್ತು ಇರೋನ್ಗೆ ಮಗ್ಗುಲು ತಿರುಗ್ಸಕೆ ಇಲ್ವಾ?" ಎಂದರು.

ಎಲ್ಲರೂ ನಕ್ಕರು. ಅಧ್ಯಕ್ಷಕ್ಕ ನಗಲಿಲ್ಲ. "ಅಜ್ಜಿ, ಅವರಿಗೆ ಬೇರೆಯೋರು ಮುಟ್ಟಿದ್ರೆ ನಾಚ್ಕೆ. ನಾನೇ ಬೇಕು," ಎಂದರು. ಅಜ್ಜಿ ಸುಮ್ಮನಾದರು.

"ಟೀಚರಮ್ಮ, ಹಿಂಗೆ ಗಂಡನ್ನ ನೋಡ್ಕೊಳಕೆ ಅಂತ ದೊಡ್ಡ ಕೆಲ್ಸ ಬುಟ್ಟೋರು ಬೇರೆ ಯಾರಾದ್ರೂ ಅವ್ರಾ?" ಎಂದು ಇನ್ನೊಬ್ಬರು ಕೇಳಿದರು.

ನನಗೆ ಒಬ್ಬರ ಕತೆ ಗೊತ್ತಿತ್ತು. ದೂರದ ದೇಶದ್ದು. ಅದನ್ನೇ ಹೇಳಿದೆ.

ಸಾಂಡ್ರಾ ಮತ್ತು ಜಾನ್

ಅಮೆರಿಕ ದೇಶದಲ್ಲಿ ಸಾಂಡ್ರಾ ಡೇ ಒ'ಕಾನರ್ ಎಂಬ ಹೆಣ್ಣುಮಗಳಿದ್ದರು. ಹುಟ್ಟಿದ್ದು 1930ರಲ್ಲಿ. ಅವರ ಅಪ್ಪ ಅಮ್ಮ ದನ ಸಾಕುವವರು. ಮಳೆ ಕಡಿಮೆ ಬೀಳುವ ಸೀಮೆ. ಮಗು ಚಿಕ್ಕಂದಿನಲ್ಲೇ ಕುದುರೆ ಹತ್ತಿ ದನ ಕಾಯುವುದನ್ನು ಕಲಿತಿತ್ತು. ಮುಂದೆ ಅವರು ವಕೀಲಿ ಓದಿದರು. 1952ರಲ್ಲಿ ಒಳ್ಳೆಯ ಅಂಕ ಪಡೆದು ಪಾಸಾದರು. ಆದರೆ ಹೆಂಗಸು ಎಂದು ದೊಡ್ಡ ವಕೀಲರ ಕಚೇರಿಗಳು ಅವರನ್ನು ವಕೀಲರಾಗಿ ತೆಗೆದುಕೊಳ್ಳಲಿಲ್ಲ. ಒಂದು ಕಡೆ ಟೈಪಿಂಗ್ ಬರುತ್ತದಾ ಎಂದು ಕೇಳಿದರಂತೆ. ಮೊದಲ ಕೆಲಸವನ್ನು ಅವರು ಸಂಬಳವಿಲ್ಲದೆ ಮಾಡಿದರು.

ಅದೇ 1952ರಲ್ಲಿ ಜಾನ್ ಅವರ ಜೊತೆ ಮದುವೆಯಾಯಿತು. ಅವರೂ ವಕೀಲರು. ಮೂರು ಗಂಡು ಮಕ್ಕಳಾದವು. ಮಕ್ಕಳು ಚಿಕ್ಕವರಿದ್ದಾಗ ಸುಮಾರು 5 ವರ್ಷ ಸಾಂಡ್ರಾ ಕೆಲಸ ಬಿಟ್ಟು ಮನೆಯಲ್ಲಿದ್ದರು. ಆಮೇಲೆ ಮತ್ತೆ ಹೊರಟರು. 1981ರಲ್ಲಿ ಆ ದೇಶದ ಸುಪ್ರೀಂ ಕೋರ್ಟಿಗೆ ನ್ಯಾಯಾಧೀಶರಾದರು. ಅಲ್ಲಿ ಒಟ್ಟು 9 ಜನ ನ್ಯಾಯಾಧೀಶರು. ಅವರಿಗೆ ಮೊದಲು ಒಬ್ಬ ಹೆಂಗಸೂ ಆ ಪೀಠದಲ್ಲಿ ಕೂತಿರಲಿಲ್ಲ.

ಒಂದು ಮಾತು ಗಮನಿಸಿ. ಸುಪ್ರೀಂ ಕೋರ್ಟು ಇದ್ದದ್ದು ಬೇರೆ ಊರಿನಲ್ಲಿ. ಫೀನಿಕ್ಸ್ ಎಂಬ ಊರಲ್ಲಿ ಜಾನ್ ಅವರ ವಕೀಲಿ ಚೆನ್ನಾಗಿ ನಡೆಯುತ್ತಿತ್ತು. ಅದನ್ನು ಬಿಟ್ಟು ಅವರು ಹೆಂಡತಿಯ ಹಿಂದೆ ಹೋದರು.

"ಗಂಡ ಹೆಂಡ್ತಿ ಹಿಂದೆ ಹೋದ್ನಾ?" ಎಂದು ಎರಡು ಮೂರು ಜನ ಒಟ್ಟಿಗೇ ಕೇಳಿದರು. ಹೌದು, ಹೋದರು.

1990ರಲ್ಲಿ ಜಾನ್ ಅವರಿಗೆ ಆಲ್ಜೈಮರ್ಸ್ ಎಂಬ ಕಾಯಿಲೆ ಇದೆ ಎಂದು ತಿಳಿಯಿತು. ಇದು ಮರೆವಿನ ಕಾಯಿಲೆ. ಮೊದಲು ಇಟ್ಟ ವಸ್ತು ಮರೆಯುತ್ತದೆ. ಆಮೇಲೆ ದಾರಿ ಮರೆಯುತ್ತದೆ. ಕೊನೆಗೆ ಮನೆಯವರ ಮುಖವೇ ಮರೆಯುತ್ತದೆ. ಇದನ್ನು ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಇಲ್ಲ. ನಮ್ಮ ಊರುಗಳಲ್ಲೂ ಇಂಥವರಿದ್ದಾರೆ. ನಾವು ಅರಳುಮರುಳು ಎಂದು ಸುಮ್ಮನಾಗುತ್ತೇವೆ, ಅಷ್ಟೇ.

ಸಾಂಡ್ರಾ ತಕ್ಷಣ ಕೆಲಸ ಬಿಡಲಿಲ್ಲ. ಸುಮಾರು 15 ವರ್ಷ ಎರಡನ್ನೂ ನಡೆಸಿದರು. ಜಾನ್ ಅವರನ್ನು ಒಬ್ಬರೇ ಮನೆಯಲ್ಲಿ ಬಿಡಲಾಗದ ಸ್ಥಿತಿ ಬಂದಾಗ, ಕೋರ್ಟಿಗೇ ಕರೆದುಕೊಂಡು ಹೋಗಿ ತಮ್ಮ ಕೋಣೆಯಲ್ಲಿ ಕೂರಿಸಿಕೊಳ್ಳುತ್ತಿದ್ದರು. ಬೆನ್ನಿಗೆ ಮಗು ಕಟ್ಟಿಕೊಂಡು ಕಳೆ ಕೀಳುವ ನಿಮಗೆ ಇದು ಅರ್ಥವಾಗುತ್ತದೆ.

2005ರ ಜುಲೈ 1ರಂದು ಅವರು ರಾಜೀನಾಮೆ ಪತ್ರ ಕೊಟ್ಟರು. ಆಗ ಅವರಿಗೆ 75 ವರ್ಷ. ಆ ಕೋರ್ಟಿನಲ್ಲಿ ನಿವೃತ್ತಿಯ ವಯಸ್ಸು ಎಂಬುದಿಲ್ಲ. ಬೇಕೆಂದರೆ ಸಾಯುವ ತನಕ ಇರಬಹುದಿತ್ತು. ನನ್ನ ಜಾಗಕ್ಕೆ ಇನ್ನೊಬ್ಬರು ಬರುವ ತನಕ ಇರುತ್ತೇನೆ ಎಂದು ಪತ್ರದಲ್ಲೇ ಬರೆದಿದ್ದರು. ಆದ್ದರಿಂದ ಬಿಡುಗಡೆ ಸಿಕ್ಕಿದ್ದು 2006ರ ಜನವರಿ 31ಕ್ಕೆ. ಏಳು ತಿಂಗಳು ಕಾಯಬೇಕಾಯಿತು.

ಆಮೇಲೆ ಏನಾಯಿತು? ಕತೆಯಾಗಿದ್ದರೆ, ಗಂಡ ಹೆಂಡತಿ ಸುಖವಾಗಿದ್ದರು ಎಂದು ಮುಗಿಸುತ್ತಿದ್ದೆ. ಹಾಗಾಗಲಿಲ್ಲ. ಜಾನ್ ಅವರ ಕಾಯಿಲೆ ಬೇಗ ಬೇಗ ಏರಿತು. ಮನೆಯಲ್ಲಿ ನೋಡಿಕೊಳ್ಳಲು ಆಗದೆ, ಫೀನಿಕ್ಸ್‌ನಲ್ಲಿ ಅಂಥ ರೋಗಿಗಳಿಗಾಗಿ ಇರುವ ಆರೈಕೆ ಮನೆಗೆ ಸೇರಿಸಬೇಕಾಯಿತು. ಜಾನ್ ಅವರಿಗೆ ಹೆಂಡತಿಯ ನೆನಪು ಹೋಯಿತು. ಅಲ್ಲಿದ್ದ ಇನ್ನೊಬ್ಬ ರೋಗಿ ಹೆಂಗಸಿನ ಕೈ ಹಿಡಿದುಕೊಂಡು ಕೂರುತ್ತಿದ್ದರು. ನೋಡಲು ಹೋದ ಸಾಂಡ್ರಾ ಸಿಟ್ಟಾಗಲಿಲ್ಲ. ಗಂಡ ನೆಮ್ಮದಿಯಾಗಿದ್ದಾರಲ್ಲ ಎಂದು ಸಮಾಧಾನ ಪಟ್ಟರು. ಇದನ್ನು 2007ರಲ್ಲಿ ಅವರ ಮಗನೇ ಟಿ.ವಿ.ಯಲ್ಲಿ ಹೇಳಿದರು.

ಇಷ್ಟು ಹೇಳುವಾಗ ಕೇಂದ್ರದಲ್ಲಿ ಯಾರೂ ಮಾತಾಡಲಿಲ್ಲ. ಬ್ಯಾರನ್ ಕಡೆಯಿಂದ ಸೌದೆ ಒಡೆಯುವ ಸದ್ದು ಮಾತ್ರ ಕೇಳುತ್ತಿತ್ತು.

ಜಾನ್ 2009ರ ನವೆಂಬರ್‌ನಲ್ಲಿ ತೀರಿಕೊಂಡರು. ಅದಕ್ಕೂ ಮೊದಲೇ, 2008ರಲ್ಲಿ, ಸಾಂಡ್ರಾ ಆ ದೇಶದ ಸಂಸತ್ತಿನ ಸಮಿತಿಯ ಮುಂದೆ ಹೋಗಿ ಈ ಕಾಯಿಲೆಯ ಬಗ್ಗೆ, ಮನೆಯವರು ಪಡುವ ಪಾಡಿನ ಬಗ್ಗೆ ಮಾತಾಡಿದ್ದರು. ಮುಂದೆ ಅವರಿಗೂ ಮರೆವಿನ ಕಾಯಿಲೆ ಬಂತು. 2023ರ ಡಿಸೆಂಬರ್ 1ರಂದು ಅವರೂ ಹೋದರು. ಕೋರ್ಟನ್ನು ಬೇಗ ಬಿಟ್ಟೆನೇನೋ ಎಂದು ಅವರು ನೊಂದುಕೊಂಡದ್ದೂ ಉಂಟು. ಅವರ ಜೀವನ ಚರಿತ್ರೆಯಲ್ಲಿ ಈ ಮಾತು ಬಂದಿದೆ.

"ಹಂಗಾದ್ರೆ ಬುಟ್ಟಿದ್ದು ತಪ್ಪಾ?" ಎಂದು ಅಧ್ಯಕ್ಷಕ್ಕ ಕೇಳಿದರು.

ನನಗೆ ಉತ್ತರ ಹೊಳೆಯಲಿಲ್ಲ. ಅಜ್ಜಿಯೇ ಹೇಳಿದರು: "ಅವ್ಳು ಬರ್ದಿದ್ದು ಅವ್ಳೇ ಕಣವ್ವ. ನೊಂದ್ಕೊಂಡಿದ್ದೂ ಅವ್ಳೇ. ಮೈದುನ ಬರ್ದು ಕೊಟ್ಟಿರ್ಲಿಲ್ಲ."

ಮಲಗಿದವರನ್ನು ಕೇಳಿದಿರಾ?

ಆಗ ಇನ್ನೊಬ್ಬರು ಒಂದು ಪ್ರಶ್ನೆ ಹಾಕಿದರು. "ಅಲ್ಲ ಅಧ್ಯಕ್ಷಕ್ಕ, ಎಲ್ಲಾರ್ನೂ ಕೇಳ್ತಿದ್ದೀರ. ನಿಮ್ ಯಜಮಾನ್ರನ್ನ ಕೇಳಿದ್ರಾ?"

ಕೇಳಿರಲಿಲ್ಲ. ಮಾತು ತೊದಲುತ್ತದೆ, ಅವರಿಗೆ ಯಾಕೆ ಇನ್ನೂ ನೋವು ಕೊಡುವುದು ಎಂದುಕೊಂಡಿದ್ದರು. ನಾವೆಲ್ಲ ಹೀಗೆಯೇ. ಮಾತು ಬಾರದವರಿಗೆ ಮನಸ್ಸೂ ಇಲ್ಲ ಎಂದುಕೊಳ್ಳುತ್ತೇವೆ.

ನನಗೆ ಕಮಲಾ ನೆಹರೂ ನೆನಪಾದರು. ಜವಾಹರಲಾಲ್ ನೆಹರೂ ಅವರ ಹೆಂಡತಿ. ಅವರಿಗೆ ಕ್ಷಯ ಇತ್ತು. 1934ರಲ್ಲಿ ಕಾಯಿಲೆ ಜೋರಾಯಿತು. ನೆಹರೂ ಆಗ ಜೈಲಿನಲ್ಲಿದ್ದರು. ಉಳಿದ ಶಿಕ್ಷೆಯ ಅವಧಿಯಲ್ಲಿ ರಾಜಕೀಯದಿಂದ ದೂರ ಇರುತ್ತೇನೆ ಎಂದು ಮಾತು ಕೊಟ್ಟರೆ ಬಿಟ್ಟುಬಿಡುತ್ತಾರೆ, ಹೆಂಡತಿಯ ಹತ್ತಿರ ಇರಬಹುದು ಎಂಬ ಸೂಚನೆ ಬಂತು. ಅವರನ್ನು ಹೆಂಡತಿಯನ್ನು ನೋಡಲು ಕರೆದುಕೊಂಡು ಹೋದಾಗ ಕಮಲಾ ಜ್ವರದಲ್ಲಿ ಮಲಗಿದ್ದರು. ಗಂಡನನ್ನು ಹತ್ತಿರ ಬಾಗಲು ಹೇಳಿ, ಅಂಥ ಮಾತು ಕೊಡಬೇಡಿ ಎಂದು ಕಿವಿಯಲ್ಲಿ ಹೇಳಿದರು. ನೆಹರೂ ಕೊಡಲಿಲ್ಲ. 1935ರ ಸೆಪ್ಟೆಂಬರ್‌ನಲ್ಲಿ ಸರ್ಕಾರವೇ ಅವರನ್ನು ಬಿಡುಗಡೆ ಮಾಡಿತು. ಯುರೋಪಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಹೆಂಡತಿಯ ಬಳಿಗೆ ಅವರು ಹೋದರು. 1936ರ ಫೆಬ್ರವರಿ 28ರಂದು ಕಮಲಾ ತೀರಿಕೊಂಡರು. ಆಗ ನೆಹರೂ ಪಕ್ಕದಲ್ಲೇ ಇದ್ದರು.

ಕಮಲಾ ಹೇಳಿದ್ದೇ ಎಲ್ಲರಿಗೂ ಸರಿ ಎಂದು ನಾನು ಹೇಳುತ್ತಿಲ್ಲ. ಬಿಡು, ನನ್ನ ಹತ್ತಿರವೇ ಇರು ಎನ್ನುವ ರೋಗಿಯೂ ಇರುತ್ತಾರೆ. ಅದರಲ್ಲಿ ನಾಚಿಕೆ ಏನಿದೆ? ಆದರೆ ಕೇಳಬೇಕು.

ಒಬ್ಬರು ತಮಾಷೆ ಮಾಡಿದರು: "ನಮಗೆ ಲಕ್ವ ಹೊಡುದ್ರೆ ನಮ್ ಗಂಡಂದಿರು ಮೆಂಬರ್‌ಗಿರಿ ಬುಡ್ತಾರಾ?" ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಹಾಗೆ ಬಿಟ್ಟ ಒಬ್ಬ ಗಂಡಸನ್ನು ನಾನು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.

ಕುರ್ಚಿ ಬೇರೆ, ಸ್ಥಾನ ಬೇರೆ

ಮಾರನೆಯ ದಿನ ಕಾನೂನಿನ ಪುಸ್ತಕ ತಂದು ಎಲ್ಲರೂ ಕೂತು ಓದಿದೆವು. ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆ 1993ರದು. ಹೆಂಗಸರಿಗೆ ಕನಿಷ್ಠ ಮೂರನೇ ಒಂದು ಭಾಗ ಸ್ಥಾನ ಕೊಟ್ಟದ್ದು ಆ ಕಾಯಿದೆ. ಅದಕ್ಕೂ ಮೊದಲು, 1987ರ ಚುನಾವಣೆಯಲ್ಲೇ, ನಮ್ಮ ರಾಜ್ಯ ಕಾಲು ಭಾಗ ಕೊಟ್ಟಿತ್ತು. 2010ರಿಂದ ಅರ್ಧ ಭಾಗ. ಈ ಸ್ಥಾನ ಸುಮ್ಮನೆ ಬಂದದ್ದಲ್ಲ. ಅದಕ್ಕೇ ಬಿಡುವಾಗ ಏನು ಬಿಡುತ್ತೇವೆ ಎಂದು ತಿಳಿದು ಬಿಡಬೇಕು.

ಅಧ್ಯಕ್ಷೆ ಮೊದಲು ಸದಸ್ಯೆ. ಊರಿನವರು ಓಟು ಹಾಕಿದ್ದು ಸದಸ್ಯೆಗೆ. ಸದಸ್ಯರು ಸೇರಿ ಆರಿಸಿದ್ದು ಅಧ್ಯಕ್ಷೆಯನ್ನು. ಅಧ್ಯಕ್ಷ ಸ್ಥಾನ ಬಿಟ್ಟರೂ ಸದಸ್ಯ ಸ್ಥಾನ ಉಳಿಯುತ್ತದೆ. ಎರಡೂ ಬೇರೆ ಬೇರೆ. ಮೈದುನನ ಕಾಗದ ಎರಡನ್ನೂ ಒಂದೇ ಗಂಟಿಗೆ ಕಟ್ಟಿತ್ತು. ಸದಸ್ಯ ಸ್ಥಾನವೂ ಖಾಲಿಯಾದರೆ ಉಪಚುನಾವಣೆ. ಆಗ ಯಾರು ನಿಲ್ಲುತ್ತಾರೆ, ಯಾರು ನಿಲ್ಲಿಸುತ್ತಾರೆ ಎಂದು ನೀವೇ ಊಹಿಸಿ.

ಬಿಡದೆಯೂ ದಾರಿ ಇದೆಯಾ? ಇದೆ. ಅಧ್ಯಕ್ಷೆ ಬರಲಾಗದ ದಿನ ಉಪಾಧ್ಯಕ್ಷರು ಸಭೆ ನಡೆಸಬಹುದು. ಒಂದೆರಡು ತಿಂಗಳ ಕಷ್ಟವಾದರೆ ಇಷ್ಟು ಸಾಕು. ಆದರೆ ಹೇಳದೆ ಕೇಳದೆ ಬಹಳ ಕಾಲ ಸಭೆ ತಪ್ಪಿಸಬಾರದು. ಸಭೆಗೆ ತಿಳಿಸಿ, ಬರವಣಿಗೆಯಲ್ಲಿ ಕೊಟ್ಟು, ಅದರ ನಕಲು ಇಟ್ಟುಕೊಳ್ಳಬೇಕು. ಇನ್ನೊಂದು ಮಾತು. ಅಧ್ಯಕ್ಷೆ ಮನೆಯಲ್ಲಿ ಇದ್ದಾರೆ ಎಂದು ಅವರ ಸಹಿಯನ್ನು ಬೇರೆಯವರು ಹಾಕುವಂತಿಲ್ಲ. ಹಣ ಪಾವತಿಗೆ ಬೇಕಾಗುವ ಡಾಂಗಲ್ ಕೂಡ ಬೇರೆಯವರ ಕೈಗೆ ಹೋಗಬಾರದು.

ಬಿಡಲೇಬೇಕು ಎಂದಾದರೆ, ಅಧ್ಯಕ್ಷೆ ತನ್ನ ಸಹಿಯಿರುವ ಪತ್ರವನ್ನು ಉಪವಿಭಾಗಾಧಿಕಾರಿಗೆ ಕೊಡಬೇಕು. ಎ.ಸಿ. ಸಾಹೇಬರು ಎನ್ನುತ್ತೇವಲ್ಲ, ಅವರಿಗೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಇವುಗಳಿಂದ ಬೇರೆಯಾದ ಸಾಲಿಗ್ರಾಮ, ಸರಗೂರು, ಇಷ್ಟಕ್ಕೂ ಎ.ಸಿ. ಕಚೇರಿ ಇರುವುದು ಹುಣಸೂರಿನಲ್ಲಿ. ಕೋಟೆ ಕಡೆಯ ಹಾಡಿಯಿಂದ ಬರುವವರು ಮೊದಲ ಬಸ್ಸನ್ನೇ ಹಿಡಿಯಬೇಕು.

ಪತ್ರ ತಲುಪಿದ ದಿನದಿಂದ 10 ದಿನ ಕಳೆದ ಮೇಲೆ ರಾಜೀನಾಮೆ ಜಾರಿಗೆ ಬರುತ್ತದೆ. ಆ 10 ದಿನದ ಒಳಗೆ ಮನಸ್ಸು ಬದಲಾದರೆ, ವಾಪಸ್ ತೆಗೆದುಕೊಂಡಿದ್ದೇನೆ ಎಂದು ಇನ್ನೊಂದು ಪತ್ರ ಕೊಡಬಹುದು. ಅದೂ ಸ್ವಂತ ಸಹಿಯಲ್ಲೇ. ಆದ್ದರಿಂದ ಪತ್ರ ಕೊಟ್ಟಾಗ ನಕಲಿನ ಮೇಲೆ ಕಚೇರಿಯ ಮೊಹರು, ತಾರೀಖು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಯಾವ ದಿನದಿಂದ ಎಣಿಸಬೇಕು ಎಂದು ಅದರಿಂದಲೇ ಗೊತ್ತಾಗುವುದು.

ಅಧ್ಯಕ್ಷಕ್ಕ ಬರೆದದ್ದು

ನಾಲ್ಕು ದಿನ ಅವರು ಕೇಂದ್ರಕ್ಕೆ ಬರಲಿಲ್ಲ. ಐದನೆಯ ದಿನ ಬಂದರು.

ಯಜಮಾನರಿಗೆ ಟೈಪ್ ಮಾಡಿದ ಕಾಗದವನ್ನು ಓದಿ ಹೇಳಿದರಂತೆ. ಅವರು ಎಡಗೈಯಿಂದ ಅದನ್ನು ಪಕ್ಕಕ್ಕೆ ತಳ್ಳಿದರಂತೆ. "ಬುಡ್ಲಾ ಬ್ಯಾಡ್ವಾ?" ಎಂದು ಕೇಳಿದರೆ, ಬಹಳ ಹೊತ್ತು ತೊದಲಿ, "ನಿನ್ನಿಷ್ಟ" ಎಂದರಂತೆ. ಎರಡು ತಿಂಗಳಲ್ಲಿ ಅವರು ಸ್ಪಷ್ಟವಾಗಿ ಆಡಿದ ಮೊದಲ ಮಾತು ಅದು. ಇಬ್ಬರೂ ಅತ್ತರಂತೆ.

"ಯೋಚ್ನೆ ಮಾಡ್ದೆ ಟೀಚರಮ್ಮ. ಅಧ್ಯಕ್ಷೆ ಕೆಲ್ಸ ಬುಡ್ತೀನಿ. ಮೆಂಬರ್‌ಗಿರಿ ಬುಡಲ್ಲ. ನಮ್ ಕೇರಿ ನೀರಿನ ಟ್ಯಾಂಕು ಇನ್ನೂ ಬಾಕಿ ಅದೆ. ಅದನ್ನ ಕೇಳೋರು ಒಬ್ರು ಬೇಕು. ಮನೇಲಿ ಅವ್ರಿಗೆ ಎಡಗೈಲಿ ಉಣ್ಣೋದು ಕಲಿಸ್ತಾ ಇವ್ನಿ. ನಾನು ಈ ವಯಸ್ಸಲ್ಲಿ ಅಕ್ಷರ ಕಲಿಲಿಲ್ವಾ? ಅವ್ರೂ ಕಲೀತಾರೆ."

ನನ್ನ ಮನಸ್ಸಿನಲ್ಲಿ ಅವರು ಅಧ್ಯಕ್ಷೆಯಾಗಿಯೇ ಉಳಿಯಲಿ ಎಂಬ ಆಸೆ ಇತ್ತು. ಅದನ್ನು ನಾನು ಹೇಳಲಿಲ್ಲ. ಹೇಳಿದ್ದರೆ ನಾನೂ ಒಂದು ಕಾಗದ ಬರೆದುಕೊಟ್ಟ ಹಾಗೆ ಆಗುತ್ತಿತ್ತು. ಅಜ್ಜಿ ಮಾತ್ರ ಮುಖ ಸಿಂಡರಿಸಿಕೊಂಡೇ ಇದ್ದರು. ಬಿಟ್ಟದ್ದು ಅವರಿಗೆ ಒಪ್ಪಿಗೆಯಾಗಲಿಲ್ಲ.

ಅಧ್ಯಕ್ಷಕ್ಕ ಅಲ್ಲೇ ಕೂತು, ಒಂದು ಗಂಟೆ ಹೊತ್ತು ಬರೆದರು. ಮೂರು ಹಾಳೆ ಹರಿದರು. ನಾಲ್ಕನೆಯದು ಹೀಗಿತ್ತು:

ಮಾನ್ಯ ಉಪವಿಭಾಗಾಧಿಕಾರಿಗಳಿಗೆ,
ಹುಣಸೂರು.

ನನ್ನ ಯಜಮಾನರಿಗೆ ಲಕ್ವ ಹೊಡೆದಿದೆ. ಅವರನ್ನು ನಾನೇ ನೋಡಿಕೊಳ್ಳಬೇಕು. ಅದಕ್ಕೆ ಗ್ರಾಮ ಪಂಚಾಯಿತಿ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಡುತ್ತೇನೆ. ಸದಸ್ಯ ಸ್ಥಾನ ಬಿಡುವುದಿಲ್ಲ. ಈ ಪತ್ರ ನಾನೇ ಬರೆದಿದ್ದೇನೆ.

ಕೊನೆಯ ವಾಕ್ಯ ಕಾನೂನಿಗೆ ಬೇಕಾಗಿಲ್ಲ. ತೆಗೆಯಬಹುದು ಎಂದೆ. "ಇರ್ಲಿ ಬುಡಿ," ಎಂದರು.

ಓದಿ, ಮಾತಾಡಿ

ಸ್ವ ಇಚ್ಛೆ ಎಂದರೆ ಏನು? ಮೈದುನನ ಕಾಗದದಲ್ಲಿ ಈ ಪದ ಯಾಕೆ ಇತ್ತು?

ಅಧ್ಯಕ್ಷಕ್ಕ ಮಾಡಿದ್ದು ನಿಮಗೆ ಒಪ್ಪಿಗೆಯೇ? ಅಜ್ಜಿಯ ಕಡೆ ಇರುವವರು ಯಾರು? ಯಾಕೆ?

ನಿಮ್ಮ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ, ಒಂದು ದಿನದಲ್ಲಿ ಅವರಿಗಾಗಿ ಮಾಡುವ ಕೆಲಸಗಳನ್ನು ಬರೆಯಿರಿ. ಪ್ರತಿಯೊಂದರ ಮುಂದೆ, ಅದನ್ನು ಈಗ ಯಾರು ಮಾಡುತ್ತಿದ್ದಾರೆ ಎಂದು ಹೆಸರು ಬರೆಯಿರಿ. ಆ ಹಾಳೆಯನ್ನು ಮನೆಯಲ್ಲಿ ಎಲ್ಲರ ಮುಂದೆ ಜೋರಾಗಿ ಓದಿ.